ಕಡಲೇ ಒತ್ತಿಕೊಡುವ ಸಿಹಿನೀರು

ಅಡುಗೆಮನೆಯ ಸಿಂಕಿಗೆ ಆರ್‌ಒ ಯಂತ್ರದ ಸಣ್ಣ ಕೊಳವೆಯೊಂದು ಇಳಿಬಿದ್ದಿರುತ್ತದೆ. ಅದರ ಕೆಳಗೊಮ್ಮೆ ಬಕೆಟ್ ಇಟ್ಟು ನೋಡಿ. ಒಂದು ಬಿಂದಿಗೆ ಕುಡಿಯುವ ನೀರು ತುಂಬುವ ಹೊತ್ತಿಗೆ ಎರಡು-ಮೂರು ಬಿಂದಿಗೆ ನೀರು ಮೋರಿ ಪಾಲಾಗಿರುತ್ತದೆ. ಕಡಲ ನೀರನ್ನು ಸಿಹಿಯಾಗಿಸುವ ದೊಡ್ಡ ಘಟಕಗಳದ್ದೂ ಇದೇ ಕಥೆ. ನೂರು ಲೀಟರ್ ಒಳಹೋದರೆ ಸಿಗುವುದು ಸುಮಾರು ನಲವತ್ತು ಲೀಟರ್. ಉಳಿದದ್ದು ಇನ್ನಷ್ಟು ಉಪ್ಪಾಗಿ ಕಡಲಿಗೆ ಮರಳುತ್ತದೆ.

ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆ ನೀರನ್ನು ತೆಳುಪೊರೆಯ ಮೂಲಕ ಸೋಸಲು ವಾತಾವರಣದ ಒತ್ತಡದ ಸುಮಾರು 60 ಪಟ್ಟು ಒತ್ತಡ ಬೇಕು. ಹಾಗಾಗಿಯೇ ಇವತ್ತಿನ ಒಳ್ಳೆಯ ಘಟಕವೂ ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ವಿದ್ಯುತ್ ಬೇಡುತ್ತದೆ. ನೀರಿನ ಬರ ನೀಗಿಸಲು ಹೊರಟ ನವೋದ್ಯಮಗಳು ಗೆಲ್ಲಬೇಕಾದದ್ದು ಈ ಎರಡು ಲೆಕ್ಕಗಳನ್ನು: ವಿದ್ಯುತ್ತಿನದು, ಉಳಿದ ಉಪ್ಪಿನದು.

ಕ್ಯಾಲಿಫೋರ್ನಿಯಾದ ಓಷನ್‌ವೆಲ್ ಎಂಬ ನವೋದ್ಯಮದ ಯೋಚನೆ ನನಗೆ ಹಿಡಿಸಿದ್ದು ಇದಕ್ಕೇ. ಅದು ಪೊರೆಗಳನ್ನೇ ಸುಮಾರು 400 ಮೀಟರ್ ಆಳಕ್ಕೆ ಇಳಿಸಲು ಹೊರಟಿದೆ. ಅಲ್ಲಿ ನೀರಿನ ಭಾರವೇ ವಾತಾವರಣದ 40 ಪಟ್ಟು ಒತ್ತಡ ಕೊಡುತ್ತದೆ; ಪಂಪು ಸಿಹಿನೀರನ್ನಷ್ಟೇ ಮೇಲೆತ್ತಿದರೆ ಸಾಕು. ಹಾದುಹೋಗುವ ನೀರಿನಲ್ಲಿ ಸ್ವಲ್ಪವನ್ನು ಮಾತ್ರ ಸೋಸುವುದರಿಂದ ಅಷ್ಟು ಒತ್ತಡವೇ ಸಾಕಾಗುತ್ತದೆ, ಉಳಿದದ್ದೂ ಅಷ್ಟೇನೂ ಉಪ್ಪಾಗುವುದಿಲ್ಲ. ಇದನ್ನು ಪರೀಕ್ಷಿಸಲು ತನ್ನ ಜಲಾಶಯವನ್ನೇ ಬಿಟ್ಟುಕೊಟ್ಟದ್ದು ಲಾಸ್ ವರ್ಜಿನೆಸ್ ಎಂಬ ಸ್ಥಳೀಯ ಜಲಮಂಡಳಿ. ದೂರದ ಉತ್ತರ ದಿಕ್ಕಿನಿಂದ ಬರುವ ಕುಡಿಯುವ ನೀರನ್ನೇ ನೆಚ್ಚಿಕೊಂಡ ಪ್ರದೇಶ ಅದು.

ಆಳದ ಕಡಲನ್ನು ದುಡಿಸಿಕೊಳ್ಳುವುದು ನಮಗೆ ಹೊಸತೇನಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲೇ ಲಕ್ಷದ್ವೀಪದ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕ ಕಟ್ಟಿತು. ಅಲ್ಲಿ ಪೊರೆಯೇ ಇಲ್ಲ. ಮೇಲ್ಪದರದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸುತ್ತಾರೆ. ಬುದ್ಧಿಗೆ ನಮ್ಮಲ್ಲಿ ಕೊರತೆಯಿಲ್ಲ. ಹೊಸಬರ ಕೈಗೆ ಒಂದು ಜಲಾಶಯ, ಒಂದು ತುಂಡು ಕಡಲು ಕೊಟ್ಟು "ಮಾಡಿ ತೋರಿಸಿ" ಎನ್ನುವ ಜಲಮಂಡಳಿಗಳು ಬೇಕು.

ಕಡಲ ನೀರು ನಮಗೇಕೆ ಎನ್ನುವವರು ಮಂಗಳೂರನ್ನು ನೋಡಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆಯದು. ಆದರೂ 2019ರ ಬೇಸಿಗೆಯಲ್ಲಿ ನೇತ್ರಾವತಿ ನದಿ ಬತ್ತಿ, ಎಂಆರ್‌ಪಿಎಲ್ ತೈಲ ಸಂಸ್ಕರಣಾ ಕಾರ್ಖಾನೆ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಈಗ ತಣ್ಣೀರುಬಾವಿಯಲ್ಲಿ ಆ ಕಾರ್ಖಾನೆಗಾಗಿ ಕಡಲ ನೀರನ್ನು ಸೋಸುತ್ತಾರೆ. ಹೆಸರಿನಲ್ಲೇ ಬಾವಿ ಇಟ್ಟುಕೊಂಡ ಊರಿನಲ್ಲಿ ಕಡಲೇ ಬಾವಿಯಾಗಿದೆ.

ಕಾರ್ಖಾನೆ ಕಡಲಿನತ್ತ ತಿರುಗಿದಷ್ಟೂ ನದಿಯ ನೀರು ಜನರ ಬಿಂದಿಗೆಗೆ ಉಳಿಯುತ್ತದೆ. ಆದ್ದರಿಂದ ನಾನು ಈ ತಂತ್ರಜ್ಞಾನದ ಪರ. ಆದರೆ ಕರಾವಳಿಯಲ್ಲಿ ಯಾರೇ ಇಂಥ ಘಟಕ ಕಟ್ಟಲಿ, ಹಳಬರಾಗಲಿ ಹೊಸಬರಾಗಲಿ, ದಡದಲ್ಲೊಂದು ಫಲಕ ಹಾಕಲಿ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು, ಕಡಲಿಗೆ ಬಿಟ್ಟ ನೀರಿನಲ್ಲಿ ಎಷ್ಟು ಉಪ್ಪಿತ್ತು, ಎರಡನ್ನೂ ಕನ್ನಡದಲ್ಲಿ ದಿನಾ ಬರೆಯಲಿ. ಅಡುಗೆಮನೆಯ ಬಕೆಟ್ ನಮ್ಮ ಕಣ್ಣೆದುರೇ ತುಂಬುತ್ತದೆ. ಘಟಕದ ಕೊಳವೆ ಬಾಯಿ ತೆರೆಯುವಲ್ಲಿ ಬಲೆ ಬೀಸುವ ಮೀನುಗಾರನಿಗೂ ತನ್ನ ಕಡಲಿಗೆ ಏನು ಬೀಳುತ್ತಿದೆ ಎಂಬುದು ಕಾಣಬೇಕು.