ಏರಿಲ್ಲದ ದಾರಿ, ಇಳಿತದ ಟೈಮು

"ಏರು ಇದೆಯಾ?"

ಆಂಜಿಯೋಪ್ಲಾಸ್ಟಿ ಆಗಿ ಏಳು ತಿಂಗಳಾದ ಮೇಲೆ ಅಪ್ಪ ಸೈಕಲ್ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು. ಸಾಗರದ ಹತ್ತಿರ ಶಾಲಾ ಮೇಷ್ಟ್ರಾಗಿದ್ದಾಗ ದಿನಾ ಹದಿನಾಲ್ಕು ಕಿಲೋಮೀಟರ್ ಗೇರಿಲ್ಲದ ಸೈಕಲ್ ತುಳಿದವನು. ಆಸ್ಪತ್ರೆಯಿಂದ ಬಂದ ಮೇಲೆ ಹಾಲು ತರೋಕೂ ಅಮ್ಮ ಒಬ್ಬನನ್ನೇ ಬಿಡ್ತಿರಲಿಲ್ಲ. ಡಾಕ್ಟರ್ ಮಾತ್ರ ಸ್ಪಷ್ಟವಾಗಿ ಹೇಳಿದ್ದರು: ಸಮತಟ್ಟು ರಸ್ತೆ, ನಿಧಾನ, ಮಾತಾಡ್ತಾ ತುಳಿಯುವಷ್ಟೇ ವೇಗ, ಇಷ್ಟಿದ್ದರೆ ಧಾರಾಳವಾಗಿ ಹೋಗಲಿ ಅಂತ.

ಮಲೆನಾಡಲ್ಲಿ ಸಮತಟ್ಟು ರಸ್ತೆ ಎಲ್ಲಿಂದ ತರೋದು? ಘಟ್ಟ ಇಳೀಬೇಕು ಅಷ್ಟೇ. ಕುಮಟಾದಲ್ಲಿ ನನ್ನ ಸೋದರತ್ತೆಯ ಮನೆ ಇದೆ. ಅಲ್ಲಿಂದ ಹೊಲನಗದ್ದೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿಗೆ ಹತ್ತು-ಹನ್ನೆರಡು ಕಿಲೋಮೀಟರ್. ಉತ್ತರಕ್ಕೆ ಹೋಗ್ತಾ ಎಡಕ್ಕೆ ಸಮುದ್ರ, ಆಮೇಲಾಮೇಲೆ ಬಲಕ್ಕೆ ಹೊಳೆಯ ಹಿನ್ನೀರು, ಗಜನಿ ಗದ್ದೆ, ಕಾಂಡ್ಲಾ ಗಿಡಗಳು. ಒಂದೆರಡು ಸಣ್ಣ ದಿಬ್ಬ ಬಿಟ್ಟರೆ ಉಸಿರು ಕಟ್ಟುವಂಥದ್ದು ಏನೂ ಇಲ್ಲ. ಮೊದಲ ಸಲ ಸೈಕಲ್ ಹತ್ತುವ ಗೆಳೆಯರನ್ನೂ ಕರ್ಕೊಂಡು ಹೋಗಬಹುದು.

ನನ್ನ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಹೋದೆ. ಅಪ್ಪನಿಗೆ ಅತ್ತೆ ಮನೆಯ ಕರೀ ಹಳೇ ಸೈಕಲ್. ಹಿಂದಿನ ರಾತ್ರಿ ಅವನೇ ಕೂತು ಚೈನಿಗೆ ಎಣ್ಣೆ ಬಿಟ್ಟ, ಬ್ರೇಕ್ ಬಿಗಿ ಮಾಡಿದ. ನಾನು ಸಹಾಯಕ್ಕೆ ಹೋದರೆ "ನೀನು ಲ್ಯಾಪ್‌ಟಾಪ್ ನೋಡ್ಕೋ ಹೋಗು" ಅಂದ.

ಈಗ ಮುಖ್ಯ ವಿಷಯ. ಈ ದಾರಿಯ ಮಜಾ ಇರೋದು ಬಾಡದ ಬೀಚಿನಲ್ಲಿ. ರಸ್ತೆ ಬಿಟ್ಟು ನೀರಂಚಿನಲ್ಲೇ ಸೈಕಲ್ ತುಳಿಯಬಹುದು. ಆದರೆ ಸಮುದ್ರದ ಇಳಿತದ ಹೊತ್ತಲ್ಲಿ ಮಾತ್ರ. ನೀರು ಹಿಂದೆ ಸರಿದಾಗ ಬಿಟ್ಟುಹೋಗುವ ಒದ್ದೆ ಮರಳು ಗಟ್ಟಿ ಇರುತ್ತೆ, ಟಯರ್ ಹುಗಿಯೋದಿಲ್ಲ. ಉಬ್ಬರ ಬಂದಾಗ ಆ ಪಟ್ಟಿಯೇ ನೀರೊಳಗೆ. ಉಳಿಯೋದು ಮೇಲಿನ ಸಡಿಲ ಒಣ ಮರಳು, ಅದರಲ್ಲಿ ಒಲಿಂಪಿಕ್ಸ್ ಆಟಗಾರನೂ ಸೈಕಲ್ ತಳ್ಳಿಕೊಂಡೇ ಹೋಗಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಹೆಚ್ಚುಕಡಿಮೆ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ. ಹೋದ ವಾರ ಏಳಕ್ಕೆ ಇತ್ತು ಅಂತ ಈ ವಾರವೂ ಏಳಕ್ಕೆ ಹೋಗಿ ನಿಂತರೆ ಆಗೋದಿಲ್ಲ. ಫೋನಲ್ಲಿ ಕಾರವಾರದ ಉಬ್ಬರ-ಇಳಿತದ ಪಟ್ಟಿ ಸಿಗುತ್ತೆ, ನೋಡಿಕೊಳ್ಳಿ.

ನಾನೂ ನೋಡಿಕೊಂಡಿದ್ದೆ. ಹುಣ್ಣಿಮೆ ಕಳೆದು ಮೂರನೇ ದಿನ, ಇಳಿತ ಬೆಳಗ್ಗೆ ಏಳೂವರೆಗೆ. ಏಳಕ್ಕೆ ಬೀಚಿನಲ್ಲಿರಬೇಕು ಅಂತ ಅಲಾರಂ, ಕ್ಯಾಲೆಂಡರ್ ಎಲ್ಲಾ ಹಾಕಿದ್ದೆ. ಆದರೆ ಅತ್ತೆ ಮನೆಯ ತೆಳ್ಳೇವು, ಜೋನಿ ಬೆಲ್ಲಕ್ಕೆ ಕ್ಯಾಲೆಂಡರಲ್ಲಿ ಜಾಗ ಇಟ್ಟಿರಲಿಲ್ಲ. "ತಮಾ, ಇನ್ನೊಂದೇ ಒಂದು" ಅಂತ ಅತ್ತೆ, "ಸಾಕಕ್ಕಾ" ಅಂತ ತಟ್ಟೆ ಮುಂದೆ ಮಾಡುವ ಅಪ್ಪ. ಹೊರಟಾಗಲೇ ಎಂಟೂಕಾಲು. ಬಾಡದ ಕಾಂಚಿಕಾ ಪರಮೇಶ್ವರಿ ದೇವಸ್ಥಾನದ ಹತ್ತಿರ ಅಪ್ಪ ಇಳಿದು ಕೈಮುಗಿದ. ಬೀಚಿಗೆ ಬಂದಾಗ ಒಂಬತ್ತು ದಾಟಿತ್ತು.

ಗಟ್ಟಿ ಮರಳಿನ ಪಟ್ಟಿ ಇನ್ನೂ ಇತ್ತು. ಆಹಾ, ಆ ಮೊದಲ ಒಂದು ಕಿಲೋಮೀಟರ್! ಎದುರಿಗೆ ಯಾರೂ ಇಲ್ಲ, ಹಾರ್ನ್ ಇಲ್ಲ, ಅಲೆ ಬಂದು ಟಯರಿಗೆ ತಾಗಿ ವಾಪಸ್. ಅಪ್ಪ ಮುಂದೆ, ನಾನು ಹಿಂದೆ. ನನ್ನ ವಾಚನ್ನು ಅವನ ಕೈಗೆ ಕಟ್ಟಿದ್ದೆ. ಎರಡು ನಿಮಿಷಕ್ಕೊಮ್ಮೆ ಪಕ್ಕಕ್ಕೆ ಬಂದು "ಎಷ್ಟಿದೆ?" ಅಂತ ಕೇಳೋದು, ಅವನು "ತೊಂಬತ್ತೆಂಟು" ಅನ್ನೋದು. ನಾಲ್ಕನೇ ಸಲಕ್ಕೆ ವಾಚ್ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಪಟ್ಟಿ ಸಣ್ಣದಾಗ್ತಾ ಇದ್ದದ್ದು ನಾವು ಗಮನಿಸಲಿಲ್ಲ. ಒಂದು ಅಲೆ ಸ್ವಲ್ಪ ಜೋರಾಗಿ ಬಂತು, ಅಪ್ಪ ತಪ್ಪಿಸಿಕೊಳ್ಳೋಕೆ ಹ್ಯಾಂಡಲ್ ಮೇಲಕ್ಕೆ ತಿರುಗಿಸಿದ, ಮುಂದಿನ ಚಕ್ರ ಸಡಿಲ ಮರಳಲ್ಲಿ ಹುಗಿಯಿತು. ಸೈಕಲ್ ಸಮೇತ ಎಡಕ್ಕೆ ಬಿದ್ದ.

ನಾನು ಸೈಕಲ್ ಬಿಸಾಕಿ ಓಡಿದೆ. ಎದೆ ನೋವಾ, ಬೆವರಾ, ಎಡಗೈ ಜೋಮಾ, ಡಾಕ್ಟರ್ ಬರೆದುಕೊಟ್ಟ ಪಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಕೇಳಿದೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಹುಡುಕೋಕೆ ಫೋನ್ ತೆಗೆದರೆ ಬೆರಳು ನಡುಗಿ ಲಾಕೇ ತೆಗೆಯೋಕಾಗ್ತಿಲ್ಲ. ಅಪ್ಪ ಮರಳಲ್ಲಿ ಕೂತವನು ನನ್ನನ್ನೇ ನೋಡಿದ.

"ಬಿದ್ದವನು ನಾನು. ನೀನ್ಯಾಕೋ ಬಿಳಿಚಿಕೊಂಡಿದೀಯ?"

ಆಮೇಲೆ ನಗೋಕೆ ಶುರು ಮಾಡಿದ. ಏಳು ತಿಂಗಳಲ್ಲಿ ಅವನು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಆಮೇಲೆ ಹೇಳಿದ, "ಮನೇಲಿ ನಿಮ್ಮಮ್ಮ, ಇಲ್ಲಿ ನೀನು. ನಾನು ಕೆಮ್ಮಿದರೂ ಇಬ್ಬರೂ ನನ್ನ ಎದೆ ನೋಡ್ತೀರಿ. ಅದು ನೋಡಿ ನೋಡಿ ನಂಗೇ ಹೆದರಿಕೆ ಹತ್ತಿದೆ ಮಾರಾಯ." ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಸೈಕಲ್ ತಳ್ಳಿಕೊಂಡು ಬೀಚಿಂದ ರಸ್ತೆಗೆ ಬಂದೆವು.

ಕಾಗಾಲ ಕಡೆಯಿಂದ ಗಜನಿಗಳು. ಸಮುದ್ರದ ಉಪ್ಪುನೀರು ಹೊಳೆಗೆ ನುಗ್ಗುವ ಜಾಗದಲ್ಲಿ ಒಡ್ಡು ಕಟ್ಟಿ ಮಾಡಿದ ಗದ್ದೆಗಳಿವು. ಮಳೆಗಾಲದಲ್ಲಿ ಮಳೆ ನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತೆ, ಆಗ ಕಗ್ಗ ಅನ್ನುವ ಭತ್ತ ಬೆಳೀತಾರೆ. ಉಪ್ಪನ್ನೂ ತಡೆಯುತ್ತೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡೋದು. ಅದು ಕೊಳೆತು ಮೀನು, ಸಿಗಡಿಗೆ ಆಹಾರ. ನಾವು ಹೋದದ್ದು ಡಿಸೆಂಬರಲ್ಲಿ, ಗದ್ದೆ ತುಂಬ ನೀರು, ಅಂಚಲ್ಲಿ ಸಾಲು ಬೆಳ್ಳಕ್ಕಿ.

ಒಡ್ಡಿನಲ್ಲಿ ಮರದ ಹಲಗೆಯ ಬಾಗಿಲುಗಳಿರುತ್ತವೆ. ನನ್ನೊಳಗಿನ ಇಂಜಿನಿಯರ್ ಅಲ್ಲೇ ಅರ್ಧ ಗಂಟೆ ನಿಂತ. ಭತ್ತ ಇರುವಾಗ ಇಳಿತದಲ್ಲಿ ಬಾಗಿಲು ತೆಗೆದು ಮಳೆ ನೀರನ್ನು ಹೊರಗೆ ಬಿಡೋದು, ಉಬ್ಬರಕ್ಕೆ ಮುಚ್ಚಿ ಉಪ್ಪುನೀರು ತಡೆಯೋದು. ಕೊಯ್ಲಾದ ಮೇಲೆ ಲಾಜಿಕ್ ಉಲ್ಟಾ: ಉಬ್ಬರದ ನೀರನ್ನು ಮರಿ ಮೀನು, ಸಿಗಡಿ ಸಮೇತ ಒಳಗೆ ಬಿಟ್ಟುಕೊಂಡು, ಇಳಿತಕ್ಕೆ ಹೊರಗೆ ಹೋಗುವಾಗ ಬಲೆ ಒಡ್ಡೋದು. ಕರೆಂಟ್ ಇಲ್ಲ, ಸೆನ್ಸರ್ ಇಲ್ಲ. ಆದರೆ ಊರಿನವರು ಒಟ್ಟಾಗಿ ಒಡ್ಡು ಕಾಯಬೇಕು. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿಯೇ ಒಟ್ಟು ಬೇಸಾಯ ಬಿಟ್ಟುಹೋದ ಕಡೆ ಕಗ್ಗವೂ ಹೋಯಿತು. ಮಾಣಿಕಟ್ಟಾದಂಥ ಊರಲ್ಲಿ ಇನ್ನೂ ಉಳಿಸಿಕೊಂಡಿದ್ದಾರೆ.

ಇದೆಲ್ಲ ನಡೆಯೋದಕ್ಕೆ ಕಾರಣ ಅಘನಾಶಿನಿ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲದಿರೋದು. ಸಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತಡೆಯಿಲ್ಲದೆ ಸಮುದ್ರ ಸೇರುತ್ತೆ. ಸಿಹಿನೀರು, ಉಪ್ಪುನೀರು ಎರಡೂ ತಮ್ಮ ತಮ್ಮ ಟೈಮಿಗೆ ಬಂದು ಹೋಗ್ತವೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ರಾಜ್ಯದಿಂದ ಅದಕ್ಕೂ ಮೊದಲು ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಅಘನಾಶಿನಿ ದಡ ಮುಟ್ಟುವಾಗ ನೀರು ಏರಿತ್ತು. ಬಳಚು ಹೆಕ್ಕಲು ಹೋದ ಹೆಂಗಸರು ಬುಟ್ಟಿ ಹೊತ್ತು ವಾಪಸ್ ಬರ್ತಿದ್ದರು. ಚಿಪ್ಪಿನೊಳಗಿನ ಆ ಮಾಂಸ ಇಲ್ಲಿನ ಸುಮಾರು ಮನೆಗಳಿಗೆ ಊಟವೂ ಹೌದು, ದುಡ್ಡೂ ಹೌದು. ಇಳಿತದ ಎರಡು-ಮೂರು ಗಂಟೆಯೇ ಅವರ ಆಫೀಸ್ ಟೈಮು. ಅಪ್ಪನ ಬೆನ್ನಿಗೆ ಅಂಟಿದ ಮರಳು ನೋಡಿ ಒಬ್ಬರು ನನಗೆ ಹೇಳಿದರು, "ತಮಾ, ತಡ ಆಯ್ತು ನಿಮ್ದು. ನೀರು ಆಗಲೇ ತಿರುಗಿತ್ತು." ತೆಳ್ಳೇವಿನ ಕಥೆ ಹೇಳಲಿಲ್ಲ.

ಒಪ್ಪಂದ ಇದ್ದದ್ದು ಅಲ್ಲಿಯವರೆಗೆ ಮಾತ್ರ. ಎಳನೀರು ಕುಡಿದು, ಅತ್ತೆ ಮಗನಿಗೆ ಫೋನ್ ಮಾಡಿ ಕಾರು ತರಿಸೋದು. ನಾನು ಫೋನಲ್ಲಿರುವಾಗ ತದಡಿ ಕಡೆಯ ದೋಣಿ ಬಂತು. ತಿರುಗಿ ನೋಡಿದರೆ ಅಪ್ಪ ಸೈಕಲ್ ಸಮೇತ ದೋಣಿಯೊಳಗೆ.

"ಅಪ್ಪಾ, ಸಾಕು ಇವತ್ತಿಗೆ."

"ಆ ಕಡೆ ಸಾಣಿಕಟ್ಟಾದ ಉಪ್ಪಿನ ಗದ್ದೆ ಇದೆ. ನಾನು ಚಿಕ್ಕವನಿದ್ದಾಗ ಮನೆಗೆ ಅಲ್ಲಿಂದಲೇ ಉಪ್ಪು ಬರ್ತಿತ್ತು. ಒಂದು ಸಲವೂ ನೋಡಿಲ್ಲ. ಬರ್ತೀಯೋ ಇಲ್ವೋ?"

ವಾಚ್ ಇನ್ನೂ ಅವನ ಜೇಬಲ್ಲೇ ಇತ್ತು. ಕೇಳೋಕೆ ಬಾಯಿ ತೆರೆದವನು ಮುಚ್ಚಿಕೊಂಡು, ನನ್ನ ಸೈಕಲ್ಲನ್ನೂ ಎತ್ತಿಕೊಟ್ಟೆ.

ಹೋಗುವವರಿಗೆ ಎರಡೇ ಮಾತು. ಮಳೆಗಾಲದಲ್ಲಿ ಬೀಚಿಗೆ ಇಳಿಯಬೇಡಿ. ಮರಳಲ್ಲಿ ತುಳಿಯುವ ಮುಂಚೆ ಟಯರಿನ ಗಾಳಿ ಸ್ವಲ್ಪ ಇಳಿಸಿ, ವಾಪಸ್ ಬಂದ ದಿನವೇ ಚೈನನ್ನು ಸಿಹಿನೀರಲ್ಲಿ ತೊಳೆದು ಒರೆಸಿ ಎಣ್ಣೆ ಬಿಡಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ತುಕ್ಕು. ತಿಂಡಿ ಆಮೇಲೆ ತಿನ್ನಿ.

ಬಿದ್ದದ್ದನ್ನು ಅಮ್ಮನಿಗೆ ಹೇಳಬಾರದು ಅಂತ ದೋಣಿಯಲ್ಲೇ ಮಾತಾಗಿತ್ತು. ಮೂರು ದಿನ ನಡೆಯಿತು. ನಾಲ್ಕನೇ ದಿನ ಬಟ್ಟೆ ಒಗೆಯೋಕೆ ಹಾಕುವಾಗ ಅಮ್ಮ ಅಪ್ಪನ ಪ್ಯಾಂಟಿನ ಎಡಜೇಬಿನಿಂದ ಒಂದು ಹಿಡಿ ಮರಳು ತೆಗೆದು, ಟಿವಿ ಮುಂದೆ ಟೀಪಾಯಿ ಮೇಲೆ ಸುರಿದು, ಏನೂ ಕೇಳದೆ ನಮ್ಮಿಬ್ಬರನ್ನೂ ನೋಡ್ತಾ ನಿಂತಳು.