ವಿದ್ಯೆಗೆ ಅವಸರವೇಕೆ?

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾಯಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: “ಮುಂದೆ ಯಾವ ಕಾಲೇಜು?” ನೆರೆಯವರು ಕೇಳುತ್ತಾರೆ, ಊರಿನಿಂದ ಸೋದರಮಾವ ಫೋನು ಮಾಡಿ ಕೇಳುತ್ತಾರೆ, ಸಂಘದ ಸಮಾರಂಭದಲ್ಲಿ ಪರಿಚಿತರು ಕೇಳುತ್ತಾರೆ. ಆ ಮಗುವಿನ ಅಭಿರುಚಿ ಯಾವುದು, ಅದರ ಮೈಮನಸ್ಸುಗಳು ಎಷ್ಟು ದಣಿದಿವೆ ಎಂದು ವಿಚಾರಿಸುವವರು ಮಾತ್ರ ವಿರಳ.

ಬೆಳಗಿನಲ್ಲಿ ಕಾಲೇಜು, ಸಂಜೆಗೆ ಕ್ಲಾಸು, ನಡುವೆ ಲೋಕಲ್ ರೈಲಿನ ನೂಕುನುಗ್ಗಲು, ರಾತ್ರಿ ಪುನಃ ಪುಸ್ತಕ. ಹದಿನೆಂಟರವರೆಗಿನ ಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯವೆಂಬುದು ವೈದ್ಯರ ಅಭಿಮತ. ನಿದ್ರೆ ಕುಂದಿದರೆ ಏಕಾಗ್ರತೆಯೂ ಸ್ಮರಣಶಕ್ತಿಯೂ ಕುಂದುತ್ತವೆ. ಪದೇ ಪದೇ ತಲೆನೋವು, ಊಟದಲ್ಲಿ ನಿರಾಸಕ್ತಿ, ಸಿಡುಕು, ದೀರ್ಘಮೌನ ಇವನ್ನು ಸೋಮಾರಿತನವೆಂದು ಗದರಿಸುವ ಬದಲು ಮನಸ್ಸಿನ ಬಳಲಿಕೆಯ ಸೂಚನೆಗಳಾಗಿರಬಹುದೆಂದು ಅರಿಯುವುದು ವಿವೇಕ. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಇನ್ನು ಖರ್ಚಿನ ಮಾತು. ಶಿಕ್ಷಣ ಸಾಲದ ಕಂತು ವ್ಯಾಸಂಗ ಮುಗಿದ ಮೇಲೆ ಆರಂಭವಾದರೂ ಬಡ್ಡಿಯ ಲೆಕ್ಕವು ಸಾಮಾನ್ಯವಾಗಿ ಹಣ ಕೈಸೇರಿದಂದಿನಿಂದಲೇ ಮೊದಲಾಗುತ್ತದೆ. ಸರಕಾರದ ಬಡ್ಡಿ ಸಹಾಯಕ್ಕೆ ಅರ್ಹರಲ್ಲದವರು 4 ಲಕ್ಷ ರೂಪಾಯಿ ಪಡೆದರೆಂದು ಭಾವಿಸೋಣ. ಶೇಕಡಾ 10ರ ದರದಲ್ಲಿ ವರ್ಷಕ್ಕೆ ಬಡ್ಡಿಯೇ 40,000 ರೂಪಾಯಿ. ಮನಸ್ಸಿಲ್ಲದ ವಿಷಯಕ್ಕೆ ಸೇರಿ ನಡುವೆ ಬಿಟ್ಟ ವಿದ್ಯಾರ್ಥಿಗೆ ಪದವಿ ದೊರೆಯದಿದ್ದರೂ ಸಾಲ ಉಳಿಯುತ್ತದೆ. ತಾಯಿಯ ಬಂಗಾರ, ಊರಿನ ಜಾಗ ಅಡವಿಟ್ಟ ಮನೆಗಳಲ್ಲಂತೂ ಆ ಸೋಲಿನ ಭಾರವನ್ನು ಮಗುವೇ ಹೊರಬೇಕಾಗುತ್ತದೆ.

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರ ಪರಂಪರೆ ಈ ನಗರದಲ್ಲಿದೆ. ತಡವಾಗಿ ಕಲಿತವರೆಂದು ಅವರನ್ನು ಯಾರೂ ಹೀನೈಸಲಿಲ್ಲ. ಇಂದು ಅನುಕೂಲತೆಗಳು ಇನ್ನೂ ಹೆಚ್ಚು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1989ರ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಇವು ದುಡಿಯುತ್ತಲೇ ಪದವಿ ಪಡೆಯಲು ನೆರವಾಗುತ್ತವೆ. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಭತ್ಯೆಯೊಡನೆ ಕಸಬು ಕಲಿಯಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ವ್ಯಾಸಂಗವನ್ನು ನಡುವೆ ನಿಲ್ಲಿಸಿ ಮರಳಿ ಮುಂದುವರಿಸುವ ಕ್ರಮವನ್ನೇ ಅಂಗೀಕರಿಸಿದೆ.

ಒಮ್ಮೆ ಬಿಟ್ಟ ಓದು ಮತ್ತೆ ಕೈಗೂಡದೆಂಬ ಪಾಲಕರ ಭೀತಿ ನಿರಾಧಾರವಲ್ಲ. ಸಂಬಳದ ರುಚಿ ಹತ್ತಿದ ಹುಡುಗ ಪುಸ್ತಕವನ್ನು ಮರೆಯಬಹುದು. ಮನೆಯಲ್ಲಿ ಕುಳಿತ ಹುಡುಗಿಗೆ ವರಾನ್ವೇಷಣೆ ಆರಂಭವಾಗಬಹುದು. ಆದುದರಿಂದ ಬಿಡುವು ಎಂಬುದು ಗೊತ್ತುಗುರಿಯಿಲ್ಲದ ಕಾಲಹರಣವಾಗಕೂಡದು. ಅವಧಿ ಒಂದೇ ವರ್ಷವೆಂದು ಮೊದಲೇ ನಿಶ್ಚಯಿಸಿ, ಆ ವರ್ಷದಲ್ಲಿ ಮಾಡುವ ಕೆಲಸವನ್ನೂ ಮರಳಿ ಸೇರುವ ತಿಂಗಳನ್ನೂ ಮಕ್ಕಳೊಡನೆ ಕುಳಿತು ಗೊತ್ತುಮಾಡಬೇಕು. ಮಗನಿಗೆ ಸಲ್ಲುವ ಈ ವಿಶ್ವಾಸ ಮಗಳಿಗೂ ಸಲ್ಲಬೇಕು. ಓದಲು ಆಸಕ್ತಿಯೂ ಅನುಕೂಲವೂ ಉಳ್ಳವರು ಕೂಡಲೇ ಸೇರಲಿ. ಅವರನ್ನು ತಡೆಯುವುದು ಸರಿಯಲ್ಲ.

ಸಂಘಸಂಸ್ಥೆಗಳು ಪ್ರತಿವರ್ಷ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಪುರಸ್ಕರಿಸುವುದು ಸ್ತುತ್ಯವೇ. ಅದೇ ವೇದಿಕೆಯಲ್ಲಿ, ದುಡಿಯುತ್ತ ಓದಿ ತಡವಾಗಿ ತೇರ್ಗಡೆಯಾದವರಿಗೂ ಒಂದು ಹಾರ ಬಿದ್ದರೆ, ಮುಂದಿನ ಜೂನ್‌ನಲ್ಲಿ ಎಷ್ಟೋ ಮನೆಗಳ ಆತಂಕ ಇಳಿದೀತು.