ಮನಿ ನೋಡಿ ನಾಯಿ ಕೊಡ್ರಿ!

ತಾಜಸುಲ್ತಾನಪುರದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಕಲಬುರಗಿ–ಕಮಲಾಪುರದ ಬಂಧುಗಳೇ,

ಮೋರಿಗೆ ಬಿದ್ದ ಕುನ್ನಿಯನ್ನು, ಗಾಡಿ ಬಡಿದು ಕಾಲು ಮುರಿದ ನಾಯಿಯನ್ನು ಎತ್ತಿ ತಂದು ಉಳಿಸುವ ಹುಡುಗ-ಹುಡುಗಿಯರು ನಮ್ಮ ಓಣಿಗಳಲ್ಲಿ ಇದ್ದಾರೆ. ಅವರಿಗೆ ಶರಣು. ಆದರೆ ಉಳಿಸಿದ ಜೀವವನ್ನು ಯಾರ ಕೈಗೆ ಕೊಡುತ್ತೇವೆ ಎಂಬಲ್ಲಿ ಅವಸರವಾಗುತ್ತಿದೆ. "ನಮಗೊಂದು ಕುನ್ನಿ ಕೊಡ್ರಿ" ಅಂದವರಿಗೆ ಹಿಂದೆ-ಮುಂದೆ ನೋಡದೆ ಕೊಟ್ಟುಬಿಡುತ್ತೇವೆ. ಮರಿ ಇದ್ದಾಗ ಮುದ್ದು. ಬೆಳೆದ ಮೇಲೆ ಹೊಲದ ಶೆಡ್ಡಿನಲ್ಲಿ ಗೇಣುದ್ದದ ಸರಪಳಿ. ಹೆಣ್ಣಾದರೆ "ಮರಿ ಹಾಕ್ತದ" ಎಂದು ರಾತ್ರೋರಾತ್ರಿ ಹೆದ್ದಾರಿಗೆ ಬಿಟ್ಟು ಬರುತ್ತಾರೆ. ಗೊತ್ತಿಲ್ಲದ ಜಾಗದಲ್ಲಿ ಹಸಿದ ನಾಯಿ ಹೆದರುತ್ತದೆ, ಹೆದರಿದ್ದು ಕಚ್ಚುತ್ತದೆ, ಕಚ್ಚಿದ್ದಕ್ಕೆ ಬಡಿಗೆ ಬೀಳುತ್ತದೆ.

ಮಗಳನ್ನು ಕೊಡುವಾಗ ಮನೆತನ ನೋಡುವ ಜನ ನಾವು. ಬಾಯಿ ಇಲ್ಲದ ಜೀವವನ್ನು ಕೊಡುವಾಗಲೂ ಮನೆ ನೋಡೋಣ.

ದಯೆ ನಮಗೆ ಹೊಸದಲ್ಲ

ಗಾಣಗಾಪುರಕ್ಕೆ ಹೋಗಿ ಬಂದವರ ಮನೆಯ ದತ್ತನ ಪಟದಲ್ಲಿ ನಾಲ್ಕು ನಾಯಿಗಳಿವೆ. ಬಾಯಾರಿದ ನಾಯಿಗೆ ನೀರು ಕುಡಿಸಿದವನ ಪಾಪವನ್ನು ದೇವರು ಮನ್ನಿಸಿದನೆಂಬ ಮಾತು ಹದೀಸಿನಲ್ಲಿದೆ. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ನೀರಿಟ್ಟ ಶರಣಬಸವೇಶ್ವರರ ಕಥೆಯನ್ನು ನಮ್ಮ ಅಜ್ಜಿಯರು ಹೇಳಿಕೊಂಡು ಬಂದಿದ್ದಾರೆ.

ಕಾನೂನು ಏನನ್ನುತ್ತದೆ?

● ನಾಯಿಯನ್ನು ಬಡಿಯುವುದು, ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು, ಸಾಕಿದ್ದಕ್ಕೆ ಅನ್ನ-ನೀರು-ನೆರಳು ಕೊಡದಿರುವುದು, ಹಸಿವು-ನೀರಡಿಕೆಯಲ್ಲಿ ನರಳಲು ಬಿಟ್ಟುಹೋಗುವುದು: ಇವೆಲ್ಲ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

● ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂದು ಹಗುರ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

● ಬೀದಿ ನಾಯಿಯನ್ನು ದತ್ತು ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ.

ಕೊಡುವವರೇ, ಇಷ್ಟು ಮಾಡಿ

1. ಎಂಟು ವಾರ ತುಂಬುವ ತನಕ ಕುನ್ನಿಯನ್ನು ತಾಯಿಯಿಂದ ಅಗಲಿಸಬೇಡಿ.

2. ಹುಳದ ಔಷಧ, ಲಸಿಕೆ ಹಾಕಿಸಿ ಅದರ ಚೀಟಿಯನ್ನೂ ಕೊಡಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ತಪ್ಪಬಾರದು. ಬೆಳೆದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ಕೊಡಿ.

3. ಒಯ್ಯುವವರ ಮನೆಗೆ ಹೋಗಿ. ನಾಯಿ ಎಲ್ಲಿ ಮಲಗುತ್ತದೆ? ಊರಿಗೆ ಹೋದಾಗ ಯಾರು ನೋಡುತ್ತಾರೆ? ಮನೆಯ ಹಿರಿಯರು, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ? ಕೇಳಲು ನಾಚಬೇಡಿ. ಮರಿ ಹಾಕಿಸಿ ಮಾರಲಿಕ್ಕೆ ಜಾತಿ ನಾಯಿ ಬೇಕೆನ್ನುವವರಿಗೆ ಕೊಡಲೇಬೇಡಿ.

4. ಹೆಸರು, ವಿಳಾಸ, ಫೋನ್ ನಂಬರ್ ಬರೆದು ಸಹಿ ತೆಗೆದುಕೊಳ್ಳಿ.

5. ಕೊಟ್ಟ ಮೇಲೂ ಹೋಗಿ ನೋಡಿಕೊಂಡು ಬನ್ನಿ. "ಆಗದಿದ್ದರೆ ನಮಗೇ ತಿರುಗಿ ಕೊಡ್ರಿ" ಎಂದು ಮೊದಲೇ ಹೇಳಿ. ತಿರುಗಿ ತಂದವರನ್ನು ಬೈಯಬೇಡಿ. ಬೈದರೆ ಮುಂದಿನವರು ರಸ್ತೆಗೆ ಬಿಡುತ್ತಾರೆ.

ಒಯ್ಯುವವರೇ, ಯೋಚಿಸಿ

ನಾಯಿ ಹತ್ತು-ಹನ್ನೆರಡು ವರ್ಷ ಬದುಕುತ್ತದೆ. ಮಕ್ಕಳ ಹಟಕ್ಕೆ ಒಯ್ಯಬೇಡಿ. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಕಟ್ಟಿದರೆ ಜೀವವೇ ಹೋದೀತು. ನೆರಳು ಮತ್ತು ತುಂಬಿದ ನೀರಿನ ಬೋಗುಣಿ ದಿನವೂ ಇರಲಿ.

ಓಣಿಯಲ್ಲೇ ಹುಟ್ಟಿ ಬೆಳೆದ, ಆರೋಗ್ಯವಾಗಿರುವ ನಾಯಿಗಳನ್ನು ಹಿಡಿದು ಬೇರೆ ಊರಿಗೆ ಸಾಗಿಸಬೇಡಿ. ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಹೇಳುತ್ತದೆ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗದ ನಾಯಿಗಳನ್ನು ಆಶ್ರಯತಾಣಕ್ಕೆ ಒಯ್ಯಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಅದೂ ಸ್ಥಳೀಯ ಆಡಳಿತದ ಕೆಲಸ, ಬಡಿಗೆ ಹಿಡಿದವರದ್ದಲ್ಲ.

ಹಿಂಸೆ ಕಂಡರೆ

ಕೈಮಾಡಲು ಹೋಗಬೇಡಿ. ವಿಡಿಯೊ ಮಾಡಿ, ಜಾಗ ಮತ್ತು ಸಮಯ ಬರೆದುಕೊಳ್ಳಿ, 112ಕ್ಕೆ ಕರೆ ಮಾಡಿ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗಾಯಗೊಂಡ ಪ್ರಾಣಿಯನ್ನು ಪಶು ಆಸ್ಪತ್ರೆಗೆ ಮುಟ್ಟಿಸಿ. ಪಶು ಸಹಾಯವಾಣಿ 1962.

ನಾಯಿ ಕಚ್ಚಿದರೆ

ಅರಿಶಿಣ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಳಿದಷ್ಟೂ ಇಂಜೆಕ್ಷನ್ ಮುಗಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಬಹುತೇಕ ಅಸಾಧ್ಯ.

ಇಂದೇ ಶುರು ಮಾಡೋಣ

ಒಂದೊಂದು ಓಣಿಯಿಂದ ಇಬ್ಬರು ಮುಂದೆ ಬನ್ನಿ. ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ನಾಯಿ, ಯಾವುದಕ್ಕೆ ಲಸಿಕೆ ಆಗಿದೆ, ಯಾವುದಕ್ಕೆ ಸಂತಾನಹರಣ ಆಗಬೇಕು, ಯಾವ ಕುನ್ನಿಗೆ ಮನೆ ಬೇಕು. ಆ ಪಟ್ಟಿಗೆ ಓಣಿಯವರೆಲ್ಲ ಸಹಿ ಹಾಕಿ, ನಗರದವರು ಮಹಾನಗರ ಪಾಲಿಕೆಗೆ, ಹಳ್ಳಿಯವರು ಪಂಚಾಯಿತಿಗೆ ಕೊಟ್ಟು, ಲಸಿಕೆ ಮತ್ತು ಸಂತಾನಹರಣ ಶಿಬಿರ ಕೇಳೋಣ. ಕೊಡುವ ತನಕ ಕೇಳುತ್ತಲೇ ಇರೋಣ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

— ನಿಮ್ಮ ಓಣಿಯ ಪ್ರಾಣಿಪ್ರಿಯರು, ತಾಜಸುಲ್ತಾನಪುರ